ರೆಂಟನ್ನಿನಲ್ಲಿ ಸಿಕ್ಕ ಪಲ್ಲವಿ

ನಾರ್ತ್ ಕ್ರೀಕ್

ಅಮೆರಿಕಕ್ಕೆ ಬಂದಿಳಿದ ಮೂರನೆಯ ಬೆಳಿಗ್ಗೆ ಪಕ್ಕದ ಮನೆಯವರು ಬಾಗಿಲು ತಟ್ಟಿ, ಒಳಗೆ ಯಾರಿಗಾದರೂ ಮೈಗೆ ಹುಷಾರಿಲ್ಲವೇ ಎಂದು ವಿಚಾರಿಸಿದರು. ಎತ್ತರದ ಮನುಷ್ಯ, ಕೈಯಲ್ಲಿ ನಾಯಿಯ ಹಗ್ಗ, ಮುಖದಲ್ಲಿ ನಿಜವಾದ ಕಳವಳ. ಅರ್ಧ ಗಂಟೆಯಿಂದ ಯಾರೋ ನರಳುವುದು ಕೇಳಿಸುತ್ತಿದೆ, ಆಂಬುಲೆನ್ಸ್ ಕರೆಸಲೇ ಎಂದರು. ನರಳುತ್ತಿದ್ದವಳು ನಾನೇ. ಮಂದ್ರದಲ್ಲಿ ಅಕಾರ ಸಾಧನೆ ಮಾಡುತ್ತಿದ್ದೆ. ಮೈಸೂರಿನಲ್ಲಿ ನಮ್ಮ ಬೀದಿಯವರು ನನ್ನ ಸಾಧನೆ ಒಂದು ದಿನ ನಿಂತರೆ ಬಾಗಿಲು ತಟ್ಟುತ್ತಾರೆ. ಇಲ್ಲಿ ಕೇಳಿಸಿದರೆ ತಟ್ಟುತ್ತಾರೆ. ಎರಡೂ ಅಕ್ಕರೆಯೇ ಎಂದು ಸಮಾಧಾನ ಮಾಡಿಕೊಂಡೆ.

ನಾನು ಹೋಗಿದ್ದು ವಸುಧಾಳ ಕರೆಗೆ. ವಸುಧಾ ನನ್ನ ಗುರುಗಳಾದ ಶಾಮಣ್ಣ ಮೇಷ್ಟ್ರ ಒಬ್ಬಳೇ ಮಗಳು. ಬಾತೆಲ್ ಊರಿನ ನಾರ್ತ್ ಕ್ರೀಕ್‌ನಲ್ಲಿ, ಹೆದ್ದಾರಿಯ ಮಗ್ಗುಲಿಗೇ ಇರುವ ಅಪಾರ್ಟ್‌ಮೆಂಟಿನಲ್ಲಿ ಗಂಡ ಮತ್ತು ಹದಿನೇಳು ವರ್ಷದ ಮಗಳು ತಾರಾ ಜೊತೆ ಇದ್ದಾಳೆ. ಗಂಡ ಆಗ ಯಾವುದೋ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಮೇಷ್ಟ್ರು ತೀರಿಕೊಂಡು ಹತ್ತು ವರ್ಷವಾಯಿತೆಂದು ಅಲ್ಲಿನ ಕನ್ನಡದವರು ಸೇರಿ ಹತ್ತಿರದ ಊರು ಬೆಲ್ವ್ಯೂದಲ್ಲಿ ಒಂದು ಸಂಜೆ ಅವರ ಹಾಡುಗಳನ್ನಷ್ಟೇ ಹಾಡಿಸುವುದೆಂದು ಗೊತ್ತುಮಾಡಿದ್ದರು. ಹಾಡಲು ನಾನು. ಕೊನೆಯ ಹಾಡು ಯಾವುದೆಂದು ಯಾರೂ ಕೇಳಬೇಕಾಗಿಯೇ ಇರಲಿಲ್ಲ.

ಯಾರೊ ದೀಪ ಹಚ್ಚಿಟ್ಟರು ಆಚೆ ದಡದಲಿ,
ಎಚ್ಚರವಿದೆ ಒಂದು ಮನೆ ಇಷ್ಟು ಇರುಳಲಿ.

ಮಾತೂ ಮೇಷ್ಟ್ರದೇ, ರಾಗವೂ ಮೇಷ್ಟ್ರದೇ. ಹದಿನೇಳನೆಯ ವಯಸ್ಸಿನಲ್ಲಿ ನಾನದನ್ನು ರೇಡಿಯೊದಲ್ಲಿ ಹಾಡಿದೆ. ಅಲ್ಲಿಂದ ಮುಂದೆ ಲಲಿತಾ ಎಂದರೆ ಆ ಹಾಡು, ಆ ಹಾಡು ಎಂದರೆ ಶಾಮಣ್ಣ ಮೇಷ್ಟ್ರು. ಮದುವೆ ಮನೆಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ಒಮ್ಮೆ ಬಸ್ ಕೆಟ್ಟು ನಿಂತಾಗ ರಸ್ತೆ ಬದಿಯಲ್ಲಿಯೂ ಅದನ್ನು ಹಾಡಿದ್ದೇನೆ.

ಪಕ್ಕದ ಮನೆಯವರ ಕಳವಳದ ನಂತರ ಸಾಧನೆಗೆ ಜಾಗ ಹುಡುಕಬೇಕಾಯಿತು. ಒಂದು ದಿನ ನಿಲ್ಲಿಸಿದ ಕಾರಿನೊಳಗೆ ಗಾಜು ಏರಿಸಿಕೊಂಡು ಹಾಡಿದೆ, ಉಸಿರು ಕಟ್ಟಿತು. ಆಗ ತಾರಾ ತನ್ನ ಪಿಯಾನೊ ಟೀಚರ್ ಮನೆಗೆ ಬನ್ನಿ ಎಂದಳು. ಆ ಹುಡುಗಿಗೆ ನಾನು ಹೇಳುವ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಟೀಚರ್ ಇರುವುದು ರೆಂಟನ್‌ನಲ್ಲಿ, ಮೊದಲು ಇವರೂ ಅಲ್ಲೇ ಇದ್ದರು, ಮನೆ ಬದಲಾದರೂ ಟೀಚರನ್ನು ಬದಲಾಯಿಸಲು ತಾನು ಒಪ್ಪಲಿಲ್ಲ ಎಂದಳು. ಟೀಚರ್ ತುಂಬ ಸ್ಟ್ರಿಕ್ಟ್, ಜರ್ಮನ್ ಮಾತಾಡುವವರು, ವಿಮಾನದ ಕಾರ್ಖಾನೆ ಹತ್ತಿರವಿರುವುದರಿಂದ ಅಕ್ಕಪಕ್ಕದವರಿಗೆ ಯಾವ ಸದ್ದೂ ಲೆಕ್ಕಕ್ಕಿಲ್ಲ ಎಂದೂ ಸೇರಿಸಿದಳು.

ರೆಂಟನ್

ಅಮೆರಿಕದಲ್ಲಿ ನನಗೆ ಚಪ್ಪಲಿ ಹೊರಗೆ ಬಿಡಿ ಎಂದು ಹೇಳಿದ ಮೊದಲ ಬಿಳಿಯರ ಮನೆ ಅದು. ಬಾಗಿಲಲ್ಲೇ ಒಂದು ಬುಟ್ಟಿ, ಅದರ ತುಂಬ ಬಂದವರಿಗೆಂದು ಉಣ್ಣೆಯ ಚಪ್ಪಲಿಗಳು. ನನ್ನ ಪಾದ ನೋಡಿ, ಅಳತೆ ಕೇಳದೆ, ಸರಿಯಾದ ಜೋಡಿಯನ್ನು ಎತ್ತಿಕೊಟ್ಟವರು ಇಲ್ಸೆ ಮೊರ್‌ಬಾಖ್. ವಯಸ್ಸು ಎಪ್ಪತ್ತೊಂಬತ್ತು. ಕತ್ತರಿಸಿದ ಬಿಳಿ ಕೂದಲು, ಮೊಣಕೈವರೆಗೆ ಮಡಿಸಿದ ಗಂಡಸರ ಅಂಗಿ, ಬಾಗದ ಬೆನ್ನು. ಗೋಡೆಯ ಮೇಲೆ ಪದಕವಾಗಲಿ ಫೋಟೊವಾಗಲಿ ಇರಲಿಲ್ಲ. ಪಿಯಾನೊ ಇದ್ದದ್ದು ಅಡುಗೆಮನೆಯ ಬಾಗಿಲಿಗೆ ಒತ್ತಿಕೊಂಡು. ರೊಟ್ಟಿಯ ಕಣಕ ಉಬ್ಬುವಾಗ ಹತ್ತಿರವಿರಬೇಕು, ಅದಕ್ಕೇ ಅಲ್ಲಿಟ್ಟಿದ್ದೇನೆ ಎಂದರು.

ಮೊದಲು ತಾರಾಳ ಪಾಠ. ನುಡಿಸಬೇಕಾದ ಹಾಡಿನ ಮಾತುಗಳನ್ನು ಅವಳು ಮೊದಲು ಓದಿ ಹೇಳಬೇಕಿತ್ತು. ಪಿಯಾನೊದಲ್ಲಿ ಮಾತೇ ಬರುವುದಿಲ್ಲವಲ್ಲ ಎಂದುಕೊಂಡೆ. ತಾರಾ ಒಂದು ಕಡೆ ಗಡಿಬಿಡಿ ಮಾಡಿದಾಗ ಇಲ್ಸೆ ಅವಳ ಮಣಿಕಟ್ಟು ಹಿಡಿದು, ಇಲ್ಲಿ ಹಾಡಿನ ಹೆಂಗಸು ಪತ್ರ ಒಡೆಯುತ್ತಿದ್ದಾಳೆ, ಅಷ್ಟು ಬೇಗ ಒಡೆಯುತ್ತಾಳೆಯೇ ಎಂದು ಕೇಳಿದರು. ನಮ್ಮ ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿದ್ದರು.

ಪಾಠ ಮುಗಿದ ಮೇಲೆ ನನ್ನ ಕಡೆ ತಿರುಗಿ, ನಿಮ್ಮದೊಂದು ಆಗಲಿ ಎಂದರು. ನಾನು ಶ್ರುತಿ ಹಿಡಿದು ಮೇಷ್ಟ್ರ ಹಾಡನ್ನೇ ಎತ್ತಿಕೊಂಡೆ. ಮೊದಲ ಸಾಲು ಮುಗಿಯಿತು. ಎರಡನೆಯ ಸಾಲಿಗೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಪಿಯಾನೊದಿಂದ ಅದೇ ಸಾಲು ಹೊರಟಿತು, ನಾನಿನ್ನೂ ಹಾಡಿರದ ಸಾಲು. ಕೊನೆಯಲ್ಲಿ ನಾನು ಎಳೆಯುವ ಗಮಕ ಮಾತ್ರ ಇರಲಿಲ್ಲ, ಉಳಿದ ಸ್ವರವೆಲ್ಲ ಅವೇ.

ಮೊದಲು ನನಗೆ ಸಂತೋಷವಾಯಿತು. ಮೇಷ್ಟ್ರ ಹಾಡು ಇಲ್ಲಿಯವರೆಗೂ ಬಂದಿದೆ ಎಂದುಕೊಂಡೆ. ವಸುಧಾ ಹೇಳಿಕೊಟ್ಟಿರಬೇಕು ಎಂದು ತಾರಾಳ ಮುಖ ನೋಡಿದೆ. ಅವಳು ಇಲ್ಲವೆಂದು ತಲೆಯಾಡಿಸಿದಳು.

“ಇದನ್ನು ನೀವು ಎಲ್ಲಿ ಕಲಿತಿರಿ?” ಎಂದು ಇಲ್ಸೆ ಕೇಳಿದರು.

ನಮ್ಮ ಗುರುಗಳು ಮಾಡಿದ ರಾಗ ಎಂದೆ.

“ಇಲ್ಲ,” ಎಂದರು, ಗಟ್ಟಿಯಾಗಿ ಅಲ್ಲ. “ಇದನ್ನು ಮಾಡಿದ್ದು ನಾನು. ಇಪ್ಪತ್ತಮೂರನೇ ವಯಸ್ಸಿನಲ್ಲಿ.”

ತಾರಾ ಆಗಲೇ ಫೋನಿನಲ್ಲಿ ಹುಡುಕಿಬಿಟ್ಟಿದ್ದಳು. ಹಳೆಯ ಕಪ್ಪು ಬಿಳುಪು ಚಿತ್ರದಲ್ಲಿ ಉದ್ದ ಜಡೆಯ ಹುಡುಗಿಯೊಬ್ಬಳು ನಿಂತಿದ್ದಳು. ಅಲುಗಾಡುವುದಿಲ್ಲ, ಕೈ ಆಡಿಸುವುದಿಲ್ಲ, ಸುಮ್ಮನೆ ಹಾಡುತ್ತಾಳೆ. ನಮ್ಮ ಪಲ್ಲವಿಯ ಎರಡು ಸಾಲಿನ ರಾಗವೂ ಅದರಲ್ಲಿತ್ತು. ಅಷ್ಟಕ್ಕೇ ನಿಲ್ಲಿಸಲು ಹೇಳಿದೆ. ಐದು ವರ್ಷದಿಂದ ವಾರಕ್ಕೊಮ್ಮೆ ಪಾಠಕ್ಕೆ ಬರುವ ತಾರಾಳಿಗೂ ತನ್ನ ಟೀಚರ್ ಯಾರೆಂದು ಅವತ್ತೇ ಗೊತ್ತಾದದ್ದು.

ಮೈಸೂರಿನ ಒಂದು ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ಜರ್ಮನ್ ಎಂಜಿನಿಯರೊಬ್ಬರು ಮೇಷ್ಟ್ರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದದ್ದು ನನಗೆ ನೆನಪಾಯಿತು. ಆತ ಊರಿಗೆ ಹೋಗುವಾಗ ತನ್ನ ಸ್ಪೂಲ್ ಟೇಪ್ ರೆಕಾರ್ಡರನ್ನು ಟೇಪುಗಳ ಸಮೇತ ಮೇಷ್ಟ್ರಿಗೆ ಕೊಟ್ಟುಹೋಗಿದ್ದ. ಈ ಹಾಡು ಆ ಟೇಪುಗಳಲ್ಲೇ ಇದ್ದಿರಬೇಕು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಕೈಮುಗಿದು ಹಾಡಿದ್ದು ಇನ್ನೊಬ್ಬರ ಹಾಡು.

ಇಲ್ಸೆ ಬೈಯಲಿಲ್ಲ. ಒಳಗೆ ಹೋಗಿ ಕಪ್ಪು ರೊಟ್ಟಿ, ಬೆಣ್ಣೆ ತಂದಿಟ್ಟು, ಆ ಹಾಡು ಹುಟ್ಟಿದ ಬಗೆ ಹೇಳಿದರು. ನಮ್ಮಿಬ್ಬರಿಗೂ ಇಂಗ್ಲಿಷ್ ಹೆರವರ ಭಾಷೆ. ಆದ್ದರಿಂದ ಇಬ್ಬರೂ ನಿಧಾನವಾಗಿ, ಪೂರ್ತಿ ವಾಕ್ಯಗಳಲ್ಲಿ ಮಾತಾಡಿದೆವು.

ಅವರದು ಆಸ್ಟ್ರಿಯಾದ ಒಂದು ಸಣ್ಣ ಊರು. ಅಪ್ಪ ಬೇಕರಿಯವರು, ಬಿಡುವಿದ್ದಾಗ ಅಕಾರ್ಡಿಯನ್ ನುಡಿಸುತ್ತಿದ್ದರು. ಆ ವಾದ್ಯವನ್ನು ಎದೆಗೆ ಕಟ್ಟಿಕೊಂಡು ಇಲ್ಸೆ ಹದಿನಾರಕ್ಕೇ ಮದುವೆ ಮನೆಗಳಲ್ಲಿ ಹಾಡತೊಡಗಿದರು. ಹತ್ತೊಂಬತ್ತರಲ್ಲಿ ವಿಯೆನ್ನಾಕ್ಕೆ ಹೊರಟಾಗ ಅಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ. ನಸುಕಿನ ಬಸ್ಸಿಗೆ ಕಳಿಸಲು ಅವರು ಹೊರಗೆ ಬರಲಿಲ್ಲ. ಬಸ್ಸು ತಿರುಗುವಾಗ ಇಡೀ ಬೀದಿ ಕತ್ತಲು, ಬೇಕರಿಯ ಒಂದು ಕಿಟಕಿಯಲ್ಲಿ ಮಾತ್ರ ಬೆಳಕು. ನಾಲ್ಕು ವರ್ಷದ ಮೇಲೆ ಬಾಡಿಗೆ ಕೋಣೆಯಲ್ಲಿ ಜ್ವರ ಹಿಡಿದು ಮಲಗಿದ್ದಾಗ ಆ ಕಿಟಕಿ ಹಾಡಾಗಿ ಬಂತು: ಬೆಳಗಿನ ನಾಲ್ಕಕ್ಕೆ ಒಂದೇ ಮನೆಯಲ್ಲಿ ಬೆಳಕು, ಆ ಬೆಳಕು ನನ್ನನ್ನು ಕ್ಷಮಿಸಿದೆಯೇ ಇಲ್ಲವೇ ಎಂದು.

ಹಾಡು ಹಬ್ಬಿತು. ಲಾರಿ ಓಡಿಸುವವರು, ಆಸ್ಪತ್ರೆಯ ದಾದಿಯರು, ಮದುವೆ ಹೆಣ್ಣುಗಳು ಎಲ್ಲರೂ ಹಾಡಿದರು. ಅಪ್ಪನೂ ಗ್ರಾಮಫೋನ್ ತಟ್ಟೆ ಕೊಂಡುತಂದರಂತೆ. ಕನ್ನಡಕ ಹಾಕಿಕೊಂಡು ಅದರ ನಡುವಿನ ಕಾಗದವನ್ನು ಓದಿ, ಮಗಳಿಗೆ ಫೋನ್ ಮಾಡಿ ಎರಡು ಮಾತು ಹೇಳಿದರಂತೆ. ಒಂದು, ಒಲೆ ಹಚ್ಚುವುದು ಮೂರಕ್ಕೆ, ನಾಲ್ಕಕ್ಕಲ್ಲ. ಎರಡು, ರಾಗ ಮಾಡಿದ್ದು ಅಂತ ಇಲ್ಲಿ ಯಾರೋ ಗಂಡಸಿನ ಹೆಸರಿದೆಯಲ್ಲ, ಯಾರವನು?

ಆತ ವಾದ್ಯಗಳನ್ನು ಹೊಂದಿಸಿದವನು. ಹುಡುಗಿ ಹಾಡಿದಳೆಂದರೆ ಜನ ಕೊಳ್ಳುತ್ತಾರೆ, ರಾಗವೂ ಅವಳದೇ ಎಂದರೆ ನಂಬುವುದಿಲ್ಲ ಎಂದು ತಟ್ಟೆ ಮಾಡಿದವರ ವಾದ. ಹೆಸರು ತಿದ್ದುವ ತನಕ ಇನ್ನೊಂದು ಹಾಡು ಹಾಡುವುದಿಲ್ಲವೆಂದು ಇಲ್ಸೆ ಎದ್ದು ಬಂದರು. ದೇಶಕ್ಕೆಲ್ಲ ಗೊತ್ತಿದ್ದ ಆ ಹುಡುಗಿ ಹೆಚ್ಚುಕಡಿಮೆ ಎರಡು ವರ್ಷ ಮತ್ತೆ ಮದುವೆ ಮನೆಗಳಲ್ಲಿ, ಊಟದ ಸದ್ದಿನ ನಡುವೆ ಹಾಡಿದಳು. ಎಲ್ಲರೂ ಮರೆತುಬಿಡುತ್ತಾರೆ ಎಂದು ಗೆಳೆಯರು ಹೆದರಿಸಿದರಂತೆ. ಕೊನೆಗೆ ಹೆಸರು ತಿದ್ದಿದ ತಟ್ಟೆ ಬಂತು. ಅದನ್ನು ತಾನೇ ಬಸ್ಸಿನಲ್ಲಿ ಒಯ್ದು ಅಪ್ಪನ ಕೈಗಿತ್ತರು.

ಆಮೇಲಿನದು ಜರ್ಮನ್ ಮಾತಾಡುವ ನಾಡುಗಳಿಗೆಲ್ಲ ಗೊತ್ತಿರುವ ಕಥೆ, ಅವರು ಅದನ್ನು ನಾಲ್ಕೇ ಮಾತಿನಲ್ಲಿ ಮುಗಿಸಿದರು. ಊರೂರು ತಿರುಗಿದ್ದು, ಶನಿವಾರದ ಟೀವಿ, ಹಿಂಬಾಲಿಸುವ ಜನ. ಪಂಡಿತರು ಅವರದನ್ನು ಅಡುಗೆಮನೆ ಹಾಡು ಎಂದು ಹೀಗಳೆದರು. “ಜನ ಹೆಚ್ಚು ಹೊತ್ತು ಇರುವುದು ಅಲ್ಲೇ ತಾನೆ,” ಎಂದರು ಇಲ್ಸೆ. ನಮ್ಮದಕ್ಕೂ ಲಘು ಸಂಗೀತ ಎನ್ನುತ್ತಾರೆ ಎಂದು ನಾನು ಹೇಳಿದೆ. ಲಘು ಎಂದರೇನೆಂದು ವಿವರಿಸಿದಾಗ ತೊಡೆ ತಟ್ಟಿಕೊಂಡು ನಕ್ಕರು.

ನಲವತ್ತೊಂದರಲ್ಲಿ ಗಂಟಲಿನಲ್ಲಿ ಗಂಟು ಕಂಡು ಶಸ್ತ್ರಚಿಕಿತ್ಸೆಯಾಯಿತು. ತಾರಸ್ಥಾಯಿ ಪೂರ್ತಿ ಹೋಯಿತು. ಹಾಡುವವಳಿಗೆ ಆ ವಯಸ್ಸಿನಲ್ಲಿ ಹಾಗಾದರೆ ಏನೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ನಾನಾಗಿದ್ದರೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ಇಲ್ಸೆ ಎಳೆಯರಿಗೆ ರಾಗ ಮಾಡಿಕೊಡಲು ಕುಳಿತರು. ಅವರ ಹಾಡಿನಿಂದ ಮೇಲೆ ಬಂದ ಒಬ್ಬಳು ಅವರಿಗಿಂತ ದೊಡ್ಡ ಹೆಸರು ಮಾಡಿದಳು. ಅವಳ ಮೊದಲ ದೊಡ್ಡ ಕಛೇರಿಯಲ್ಲಿ ಪರದೆಯ ಹಿಂದೆ ನಿಂತು ಪ್ರತಿ ಸಾಲಿಗೂ ತುಟಿಯಾಡಿಸಿದೆ ಎಂದು ಹೇಳುವಾಗ ಅವರ ದನಿಯಲ್ಲಿ ಕಹಿ ಇರಲಿಲ್ಲ. ಆ ನಡುವೆ ವಿಮಾನದ ಎಂಜಿನಿಯರೊಬ್ಬರನ್ನು ಮದುವೆಯಾಗಿ ರೆಂಟನ್‌ಗೆ ಬಂದರು. ಅವರು ತೀರಿಕೊಂಡರು, ಇವರು ಉಳಿದರು. ಉಳಿದ ತಗ್ಗು ದನಿಗೆಂದೇ ಹೊಸ ಹಾಡುಗಳನ್ನು ಕಟ್ಟಿ, ಕಾಲು ಗಟ್ಟಿಯಿರುವ ತನಕ ಆಗಾಗ ಹೋಗಿ ತಾಯ್ನಾಡಿನಲ್ಲಿ ಹಾಡಿ ಬಂದರು. ಇಲ್ಲಿನ ಬೀದಿಯವರಿಗೆ ಅವರು ರೊಟ್ಟಿ ಚೆನ್ನಾಗಿ ಮಾಡುವ ಪಿಯಾನೊ ಟೀಚರ್ ಅಷ್ಟೆ.

ಹೊರಡುವ ಹೊತ್ತಿಗೆ ನನ್ನ ಹಾಡಿನ ಅರ್ಥ ಕೇಳಿದರು. ಹೇಳಿದೆ: ಆಚೆ ದಡದಲ್ಲಿ ಯಾರೋ ದೀಪ ಹಚ್ಚಿದ್ದಾರೆ, ಇಷ್ಟು ಕತ್ತಲಲ್ಲಿ ಒಂದು ಮನೆ ಎಚ್ಚರವಾಗಿದೆ.

“ಹಾಗಾದರೆ ನಿಮ್ಮ ಗುರು ಯಾರನ್ನೋ ಅರ್ಥ ಕೇಳಿದ್ದಾರೆ. ಸುಮ್ಮನೆ ರಾಗ ಎತ್ತಿಕೊಂಡು ಹೋಗಿಲ್ಲ.” ಆಮೇಲೆ ಹೇಳಿದರು, “ಹಾಡಿ. ಬಿಡಬೇಡಿ. ಆದರೆ ಹಾಡುವ ಮುಂಚೆ ನನ್ನ ಹೆಸರು ಹೇಳಿ. ನನಗೆ ಬೇರೇನೂ ಬೇಡ.”

ಮತ್ತೆ ನಾರ್ತ್ ಕ್ರೀಕ್

ವಸುಧಾಳಿಗೆ ಹೇಳಲು ಎರಡು ದಿನ ಬೇಕಾಯಿತು. ಆ ಎರಡು ದಿನ ನಾನು ಮನೆ ಹತ್ತಿರದ ತೊರೆಯ ಪಕ್ಕದ ಕಾಲುದಾರಿಯಲ್ಲಿ ಸುಮ್ಮನೆ ಓಡಾಡಿದೆ. ಎದುರಿಗೆ ಬಂದವರೆಲ್ಲ ಗುರುತಿಲ್ಲದಿದ್ದರೂ ಗುಡ್ ಮಾರ್ನಿಂಗ್ ಎನ್ನುತ್ತಾರೆ, ಒಬ್ಬರೂ ನಿಂತು ಎಲ್ಲಿಗೆ ಹೊರಟಿರಿ ಎಂದು ಕೇಳುವುದಿಲ್ಲ. ಮೈಸೂರಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಮೂವರು ನನ್ನ ಮುಖ ನೋಡಿ ಏನು ಸಮಾಚಾರ ಎಂದಿರುತ್ತಿದ್ದರು. ಅವತ್ತು ಹಾಗೆ ಯಾರಾದರೂ ಕೇಳಬಾರದೇ ಅನಿಸಿತು.

ವಸುಧಾ ಆಫೀಸಿನಿಂದ ಬಂದು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಹೇಳಿಬಿಟ್ಟೆ. ಅವಳು ಒಲೆ ಆರಿಸಿದಳು. ಹೊಸದಾಗಿ ಅಚ್ಚಾಗಿ ಬಂದ ಆಹ್ವಾನ ಪತ್ರಿಕೆಗಳು ಮೇಜಿನ ಮೇಲೇ ಇದ್ದವು, ಮೇಲೆ ಮೇಷ್ಟ್ರ ನಗುಮುಖ.

“ಅಪ್ಪ ಕದ್ದರು ಅಂತೀಯಾ ಲಲಿತಕ್ಕ?”

“ಆ ಮಾತು ನನ್ನ ಬಾಯಲ್ಲಿ ಬರಲ್ಲ ಕಣೆ. ಹೆಸರು ಹೇಳಲಿಲ್ಲ ಅಂತೀನಿ.”

“ಎಷ್ಟು ಜನ ಅಪ್ಪನ ಹೆಸರು ಕೇಳಿ ಬರ್ತಿದಾರೆ ಗೊತ್ತಾ? ಅವರ ಮುಂದೆ ನಿಂತು ಹೀಗೆ ಹೇಳ್ತೀಯಾ? ಆ ಒಂದು ಹಾಡು ಬಿಟ್ಬಿಡು. ಗಂಟಲು ಸರಿಯಿಲ್ಲ ಅಂತ ನಾನೇ ಅನೌನ್ಸ್ ಮಾಡ್ತೀನಿ.”

ಬಿಟ್ಟರೆ ಅದು ಎರಡನೆಯ ಸಲ ಮುಚ್ಚಿಟ್ಟ ಹಾಗೆ ಎಂದೆ. ಅವಳು ತಟ್ಟೆಗೆ ಬಡಿಸಿಟ್ಟು ಕೋಣೆಗೆ ಹೋದಳು. ಮಾರನೆಯ ದಿನವೆಲ್ಲ ನನ್ನೊಡನೆ ಕಾಫಿ, ಸ್ನಾನ, ಊಟ ಇಷ್ಟರ ಬಗ್ಗೆ ಮಾತ್ರ ಮಾತಾಡಿದಳು. ನನ್ನ ಮೊದಲ ಪಾಠ ನಡೆದದ್ದು ಅವಳು ತೊಟ್ಟಿಲಲ್ಲಿ ಮಲಗಿದ್ದ ಕೋಣೆಯಲ್ಲಿ. ಹಾಗಿರುವ ಮನೆಯಲ್ಲಿ ನಾನು ಪರಕೀಯಳಾದೆ. ಮೇಷ್ಟ್ರ ಮೇಲೂ ಸಿಟ್ಟು ಬಂತು. ಎರಡು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಗಂಟು ಬಿಚ್ಚಿದ್ದು ತಾರಾ. ಸಾಮಾನು ತರಲು ಅಂಗಡಿಗೆ ಹೊರಟಾಗ ಕಾರಿನಲ್ಲಿ ಅಮ್ಮನನ್ನು ಒಂದು ಮಾತೂ ಕೇಳದೆ ಆ ಹಳೆಯ ಜರ್ಮನ್ ಹಾಡನ್ನು ಹಾಕಿಬಿಟ್ಟಳಂತೆ. ವಸುಧಾ ನಿಲ್ಲಿಸೆಂದು ಕೈ ಚಾಚಿದಳಂತೆ. ಅಷ್ಟರಲ್ಲಿ ಬೆಳಕು ಎನ್ನುವ ಜರ್ಮನ್ ಮಾತು ಬಂತು, ಲಿಷ್ಟ್ ಎಂದು. ಕೈ ಹಾಗೇ ನಿಂತಿತು. ಅಂಗಡಿಯಿಂದ ಬರಿಗೈಯಲ್ಲಿ ವಾಪಸು ಬಂದವಳು ನನ್ನ ಮಂಚದ ತುದಿಯಲ್ಲಿ ಕೂತಳು.

“ಅಪ್ಪ ಗಡ್ಡ ಹೆರೆಯುವಾಗ ಲಿಷ್ಟು ಲಿಷ್ಟು ಅಂತ ಹಾಡ್ಕೊಳ್ಳೋರು ಲಲಿತಕ್ಕ. ನಾನು ಚಿಕ್ಕೋಳು. ನನ್ನ ನಗಿಸೋಕೆ ಏನೋ ಹೇಳ್ತಿದಾರೆ ಅಂದ್ಕೊಂಡಿದ್ದೆ.” ಮೂಗು ಒರೆಸಿಕೊಂಡಳು. “ಅವರಿಗೆ ಆ ಹಾಡಿನ ಮೇಲೆ ಪ್ರಾಣ ಇತ್ತು. ನೀನು ಹೆಸರು ಹೇಳು. ಆದ್ರೆ ನಾನೇ ಹೋಗಿ ಆಯಮ್ಮನ್ನ ಕರ್ಕೊಂಡ್ ಬರ್ತೀನಿ. ಅವರಿಲ್ಲದೆ ಹೇಳೋದು ಬೇಡ.”

ಬೆಲ್ವ್ಯೂ

ಗಾಜಿನ ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಕೊಂಡ ಸಣ್ಣ ಸಭಾಂಗಣ. ಬಾಗಿಲಲ್ಲಿ ರಂಗೋಲಿ ಹಾಕಬಾರದೆಂದು ಕಟ್ಟಡದವರು ಹೇಳಿದ್ದರಿಂದ ಹೆಂಗಸರು ದೊಡ್ಡ ರಟ್ಟಿನ ಮೇಲೆ ಹಾಕಿ ತಂದಿಟ್ಟಿದ್ದರು. ಮೈಸೂರು, ಮಂಡ್ಯ, ಮಂಗಳೂರಿನ ಮಾತುಗಳೆಲ್ಲ ಒಟ್ಟಿಗೆ ಕೇಳಿಸುತ್ತಿದ್ದವು. ಸಂಜೆ ಬಿಸಿಲು ಇನ್ನೂ ಇತ್ತು. ಇಲ್ಸೆ ಎರಡನೆಯ ಸಾಲಿನಲ್ಲಿ, ಇಸ್ತ್ರಿ ಮಾಡಿದ ನೀಲಿ ಕೋಟಿನಲ್ಲಿ, ವಸುಧಾಳ ಪಕ್ಕ ನೆಟ್ಟಗೆ ಕೂತಿದ್ದರು. ಹನ್ನೆರಡು ಹಾಡು ಕೇಳುವಷ್ಟು ಹೊತ್ತು ಅವರು ಕಾಲು ಬದಲಿಸಿದ್ದನ್ನು ನಾನು ನೋಡಲಿಲ್ಲ.

ಕೊನೆಯ ಹಾಡಿಗೆ ಬಂದಾಗ ಮೈಕನ್ನು ಹತ್ತಿರ ಎಳೆದುಕೊಂಡೆ. ನಾನು ಭಾಷಣ ಮಾಡುವವಳಲ್ಲ. ಈ ಹಾಡಿನ ರಾಗ ನಮ್ಮ ಮೇಷ್ಟ್ರದಲ್ಲ, ಆಸ್ಟ್ರಿಯಾದ ಇಲ್ಸೆ ಮೊರ್‌ಬಾಖ್ ಅವರದು, ಅವರು ಇಲ್ಲೇ ಕೂತಿದ್ದಾರೆ, ಇಷ್ಟು ವರ್ಷ ಹೆಸರು ಹೇಳದೆ ಹಾಡಿದ್ದಕ್ಕೆ ನನ್ನನ್ನು ಕ್ಷಮಿಸಬೇಕು ಎಂದಷ್ಟೇ ಹೇಳಿದೆ. ಸಭೆಯಲ್ಲಿ ಗುಜುಗುಜು ಎದ್ದಿತು. ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು, ಇದನ್ನೆಲ್ಲ ಇವತ್ತೇ ಹೇಳಬೇಕಿತ್ತೇ ಎಂದು ಯಾರಿಗೂ ಅಲ್ಲದೆ ಹೇಳಿ ಹೊರಗೆ ಹೋದರು. ವಸುಧಾ ತಲೆ ತಗ್ಗಿಸಲಿಲ್ಲ. ನಾನು ಅವಳನ್ನೇ ನೋಡುತ್ತ ಹಾಡಿದೆ. ಪಲ್ಲವಿ, ಎರಡು ಚರಣ, ಮತ್ತೆ ಪಲ್ಲವಿ. ಮುಗಿದಾಗ ಚಪ್ಪಾಳೆ ತಡವಾಗಿ ಬಂತು, ಆದರೆ ಬಹಳ ಹೊತ್ತು ಇತ್ತು.

ಜನ ಊಟದ ಕಡೆ ಹೋದರು. ಇಲ್ಸೆ ಮಾತ್ರ ವೇದಿಕೆಯ ಹತ್ತಿರ ಬಂದು, ಹುಬ್ಬು ಗಂಟಿಕ್ಕಿ ನಿಂತರು. ಏನಾದರೂ ತಪ್ಪಾಯಿತೇ ಎಂದು ಕೇಳಿದೆ.

“ಅವತ್ತು ನೀವು ಮೊದಲ ಸಾಲನ್ನಷ್ಟೇ ಹಾಡಿದ್ದಿರಿ,” ಎಂದರು. “ನಡುವಿನ ಭಾಗ ನಾನು ಕೇಳಿರಲಿಲ್ಲ. ಅದು ಯಾರದು?”

ಚರಣವನ್ನು ಕೇಳುತ್ತಿದ್ದಾರೆಂದು ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು. ನಿಮ್ಮದಲ್ಲವೇ ಎಂದೆ.

“ನನ್ನದಲ್ಲ. ನಾನು ಅಲ್ಲಿ ಸ್ವರ ಕೆಳಗೆ ಇಳಿಸಿದ್ದೆ, ಬಾಗಿಲ ಹೊರಗೇ ನಿಂತುಬಿಟ್ಟೆ. ನಿಮ್ಮ ಗುರು ಮೇಲೆ ಹತ್ತಿ ಒಳಗೆ ಹೋಗಿದ್ದಾರೆ. ನನ್ನದಕ್ಕಿಂತ ಇದು ಚೆನ್ನಾಗಿದೆ.” ಎಪ್ಪತ್ತೊಂಬತ್ತರ ಆ ಹೆಂಗಸು ಅದನ್ನು ಸ್ವಲ್ಪವೂ ಕಷ್ಟವಿಲ್ಲದೆ ಹೇಳಿದರು, ಉಪ್ಪು ಸರಿಯಾಗಿದೆ ಎನ್ನುವಂತೆ. “ಇನ್ನೊಮ್ಮೆ ಹಾಡಿ. ನಿಧಾನವಾಗಿ.”

ಸಭಾಂಗಣದ ಮೂಲೆಯಲ್ಲಿದ್ದ ಹಳೆಯ ಪಿಯಾನೊದ ಮುಂದೆ ಅವರು ಕೂತರು. ನಾನು ಚರಣವನ್ನು ಸ್ವರ ಸ್ವರವಾಗಿ ಹಾಡಿದೆ. ಗಮಕ ಬಂದಲ್ಲೆಲ್ಲ ಕೈಯೆತ್ತಿ ನಿಲ್ಲಿಸಿ, ಮತ್ತೆ ಹಾಡಿಸಿ, ಆಹ್ವಾನ ಪತ್ರಿಕೆಯ ಬೆನ್ನಿಗೆ ಸ್ವರ ಗುರುತಿಸುವ ಐದು ಗೆರೆ ಎಳೆದು ಪೆನ್ಸಿಲಿನಲ್ಲಿ ಬರೆದುಕೊಂಡರು. ತಗ್ಗು ದನಿಯಲ್ಲಿ ತಾವೇ ಹಾಡಿ ನೋಡಿದರು, ಕನ್ನಡದ ಮಾತು ಬಾರದ ಕಡೆ ಬರೀ ಅಕಾರದಲ್ಲಿ. ಊಟದ ತಟ್ಟೆ ಹಿಡಿದುಕೊಂಡು ವಸುಧಾ ಬಂದವಳು ಅದನ್ನು ಅಲ್ಲೇ ಇಟ್ಟು ನಿಂತಳು. ಅವಳ ಕಣ್ಣು ತುಂಬಿತ್ತು. ಇಲ್ಸೆ ಅದನ್ನು ನೋಡಿದರೂ ಬರೆಯುವುದನ್ನು ನಿಲ್ಲಿಸಲಿಲ್ಲ.

ಎಲ್ಲ ಬರೆದಾದ ಮೇಲೆ ಕಾಗದದ ಎಡ ಮೂಲೆಯಲ್ಲಿ ತಮ್ಮ ಹೆಸರು ಬರೆದು, ಬಲ ಮೂಲೆಯಲ್ಲಿ ಜಾಗ ಬಿಟ್ಟು ವಸುಧಾಳ ಕಡೆ ನೋಡಿದರು.

“ನಿಮ್ಮ ಅಪ್ಪನ ಹೆಸರು ಹೇಗೆ ಬರೆಯುವುದು? ಒಂದಕ್ಷರವೂ ತಪ್ಪಾಗಬಾರದು.”

ವಸುಧಾ ಅವರ ಪಕ್ಕ ಮೊಣಕಾಲೂರಿ ಕೂತು ಒಂದೊಂದೇ ಅಕ್ಷರ ಹೇಳಿದಳು.